ದೋಣಿಗಾರ ಲಾಕ್ಲನ್ನನ ಗಂಟಲು

ಪ್ರಿನ್ಸ್ ಎಡ್ವರ್ಡ್ ದ್ವೀಪದ ಪ್ರಾಂತೀಯ ಶಾಸನಸಭೆಗೆ 1908ರ ನವೆಂಬರಿನಲ್ಲಿ ನಡೆದ ಚುನಾವಣೆಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ದೋಣಿಗಾರ ಲಾಕ್ಲನ್ ಬೀಟನ್ನನ ಗಂಟಲಿನಿಂದಲೇ ಆರಂಭಿಸಬೇಕು. ಮತದಾನದ ದಿನ ಬೆಳಗ್ಗೆ ಆರು ಗಂಟೆಗೆ ಆ ಗಂಟಲು ಕಟ್ಟಿಹೋಯಿತು. ಹಾಗೆಂದು ಅವನೇ ತೀರ್ಮಾನಿಸಿದ.

ಕಾರಣವಿತ್ತು. ನಮ್ಮ ದ್ವೀಪದಲ್ಲಿ ಆಗ ಗುಟ್ಟಿನ ಮತದಾನವಿರಲಿಲ್ಲ. ಶಾಲೆಯ ಕೋಣೆಯಲ್ಲಿ ಊರೆಲ್ಲ ಕಿವಿ ತೆರೆದುಕೊಂಡು ನಿಂತಿರುವಾಗ ಮತದಾರ ತನಗೆ ಬೇಕಾದವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಕ್ಷೇತ್ರಕ್ಕೆ ಇಬ್ಬರು ಸದಸ್ಯರು: ಆಸ್ತಿಯುಳ್ಳವರು ಮಾತ್ರ ಆರಿಸುವ ಕೌನ್ಸಿಲರ್ ಒಬ್ಬ, ಎಲ್ಲರೂ ಆರಿಸುವ ಅಸೆಂಬ್ಲಿಮನ್ ಒಬ್ಬ. ಗೆದ್ದ ಮೇಲೆ ಇಬ್ಬರೂ ಒಂದೇ ಸಭೆಯಲ್ಲಿ ಕೂತು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಲಾಕ್ಲನ್ನನಿಗೆ ಆಲೂಗಡ್ಡೆ ಬೆಳೆಯುವ ಒಂದಿಷ್ಟು ನೆಲವಿತ್ತು. ಹಾಗಾಗಿ ವೈರ ಕಟ್ಟಿಕೊಳ್ಳಲು ಅವನಿಗೆ ಎರಡು ಅವಕಾಶ.

ಹೊಳೆ ದಾಟಿಸುವ ದೋಣಿ ಸರ್ಕಾರದ್ದು. ಗೆದ್ದವರು ತಮ್ಮವರಿಗೆ ಅದನ್ನು ಕೊಡುವುದು ರೂಢಿ. ಗೆಲ್ಲುವವರು ಯಾರೆಂದು ಈ ಸಲ ದೇವರಿಗೂ ಗೊತ್ತಿರಲಿಲ್ಲ. ಯಾರ ಹೆಸರನ್ನೂ ಹೇಳದಿದ್ದರೆ ಯಾರೂ ದೋಣಿ ಕಿತ್ತುಕೊಳ್ಳಲಾರರು ಎಂಬುದು ಲಾಕ್ಲನ್ನನ ಲೆಕ್ಕಾಚಾರ.

"ಯಾರಾದ್ರೂ ಬಂದ್ರೆ ಮುಖ ಸಪ್ಪಗೆ ಮಾಡ್ಕೊಂಡು ನಿಂತಿರು, ಅಷ್ಟೇ," ಎಂದ ಹೆಂಡತಿಗೆ.

"ಅದಕ್ಕೇನು ಕಷ್ಟ? ನಿಮ್ಮನ್ನ ಮದುವೆ ಆದಾಗಿಂದ ಇರೋದೇ ಈ ಮುಖ," ಎಂದಳು ಎಫಿ.

ಎಂಟು ಗಂಟೆಗೆ ಅಂಗಡಿಯ ಕಾಂಪ್ಟನ್ ಬಂದ. ಊರಿನಲ್ಲಿ ಆಳುವ ಪಕ್ಷದ, ಅಂದರೆ ಸರ್ಕಾರದ ಕಡೆಯ, ಯಜಮಾನ ಅವನೇ.

"ಏನಯ್ಯಾ ಇದು, ವರ್ಷವಿಡೀ ಸುಮ್ಮನಿರದ ಬಾಯಿ ಇವತ್ತೇ ಕಟ್ಟಬೇಕಾ? ಎಫಿ, ಒಂದು ಉಣ್ಣೆ ಕಾಲುಚೀಲ ಕೊಡಮ್ಮ, ಮೀನಿನ ಶಾಖ ಕೊಟ್ರೆ ಗಂಟಲು ಬಿಡುತ್ತೆ!" ಎಂದವನೇ ಬಿಸಿ ಮಾಡಿದ ಉಪ್ಪುಮೀನುಗಳನ್ನು ಅದರಲ್ಲಿ ತುಂಬಿ ಲಾಕ್ಲನ್ನನ ಕುತ್ತಿಗೆಗೆ ಬಿಗಿದ. ಊರಿನ ಬೆಕ್ಕುಗಳಿಗೆ ಬೀಟನ್ ಮನೆಯ ಮೇಲೆ ಅಂದು ಹುಟ್ಟಿದ ಗೌರವ ಬಹುಕಾಲ ಉಳಿಯಿತು.

ಹತ್ತಕ್ಕೆ ಡಾಕ್ಟರ್ ಟಪ್ಲಿನ್ ಬಂದರು. ವಿರೋಧ ಪಕ್ಷದ ಮತದಾರರನ್ನು ಎಣಿಸಿ ಮತಗಟ್ಟೆಗೆ ಸಾಗಿಸುವುದು ಅವರ ಹೊಣೆ. ಬಾಯಿ ತೆಗೆಸಿ, ದೀಪ ಹಿಡಿದು ತುಂಬ ಹೊತ್ತು ನೋಡಿದರು. ಒಳಗೆ ಏನೂ ಇರಲಿಲ್ಲ. ಏನೂ ಕಾಣಲಿಲ್ಲ ಎನ್ನುವ ಅಭ್ಯಾಸ ಡಾಕ್ಟರಿಗಿರಲಿಲ್ಲ.

"ಮೂವತ್ತು ವರ್ಷದಲ್ಲಿ ಇಂಥ ಗಂಟಲು ನೋಡಿಲ್ಲ," ಎಂದರು ಗಂಭೀರವಾಗಿ. "ನಂಜು ಎದೆಗೆ ಇಳೀತಾ ಇದೆ. ಸೀಮೆಎಣ್ಣೆ, ಸಕ್ಕರೆ. ಅದರ ಮೇಲೆ ರಮ್."

ದ್ವೀಪದಲ್ಲಿ ಪಾನನಿಷೇಧವಿತ್ತು, ಡಾಕ್ಟರ ಚೀಟಿಗೆ ಮಾತ್ರ ರಮ್ ಸಿಗುತ್ತಿತ್ತು. ಡಾಕ್ಟರ ಔಷಧಿ ಒಳಹೋದದ್ದನ್ನು ಕಂಡ ಕಾಂಪ್ಟನ್ ಸುಮ್ಮನಿರುತ್ತಾನೆಯೇ? ಯಾವ ಚೀಟಿಯೂ ಇಲ್ಲದ ತನ್ನ ಸೀಸೆಯನ್ನು ತಂದ. ಅದಕ್ಕೆ ಮೆಣಸಿನಪುಡಿ ಬೆರೆಸಿದ್ದ. ಅವರು ಒಂದು ಲೋಟ, ಇವನು ಒಂದು ಲೋಟ. ಪಕ್ಷಪಾತವಾಗಬಾರದೆಂದು ಲಾಕ್ಲನ್ ಎರಡನ್ನೂ ನುಂಗಿದ. ಮಧ್ಯಾಹ್ನದ ಹೊತ್ತಿಗೆ ಚಿಪ್ಪು ತೆಗೆದ ಸಿಂಪಿಯಂತೆ ಕುರ್ಚಿಯಲ್ಲಿ ಹರಡಿಕೊಂಡಿದ್ದ.

ನಾಲ್ಕೂವರೆಗೆ ಇಬ್ಬರೂ ಎರಡು ತೋಳು ಹಿಡಿದು ಅವನನ್ನು ಗಾಡಿಗೆ ಹಾಕಿದರು. ಕೌನ್ಸಿಲರ್ ಸ್ಥಾನ ಆಗಲೇ ವಿರೋಧ ಪಕ್ಷಕ್ಕೆ ಹೋದ ಹಾಗೆ. ಅಸೆಂಬ್ಲಿಮನ್ ಸ್ಥಾನಕ್ಕೆ ಎರಡೂ ಕಡೆ ನೂರ ನಲವತ್ತೊಂದು. ಉಳಿದಿದ್ದ ಮತ ಒಂದೇ, ಮೀನು ನಾರುತ್ತ ಬರುತ್ತಿತ್ತು.

ಶಾಲೆಯಲ್ಲಿ ಕಾಂಪ್ಟನ್ ಎಡಗಿವಿಯಲ್ಲಿ ಪಿಸುಗುಟ್ಟಿದ: "ಒಂದೇ ಒಂದು ಹೆಸರು ಕಣೋ. ಸಾಯೋತನಕ ದೋಣಿ ನಿಂದೇ." ಡಾಕ್ಟರು ಬಲಗಿವಿಯಲ್ಲಿ ಅದನ್ನೇ ಹೇಳಿದರು. ಅಷ್ಟರಲ್ಲಿ ಯಾರೋ ತಂತಿ ಸುದ್ದಿ ತಂದರು: ಉಳಿದ ಕಡೆಗಳಲ್ಲಿ ಸರ್ಕಾರವೇ ಮುಂದಿದೆ!

ಲಾಕ್ಲನ್ ಆ ಕ್ಷಣದಲ್ಲೇ ಗುಣಮುಖನಾಗಲು ನಿರ್ಧರಿಸಿದ. ಎದ್ದು ನಿಂತ. ಎದೆ ಉಬ್ಬಿಸಿ ಸರ್ಕಾರದ ಅಭ್ಯರ್ಥಿಯ ಹೆಸರು ಕೂಗಲು ಬಾಯಿ ತೆರೆದ.

ಸೀಮೆಎಣ್ಣೆಯ ವಾಸನೆ ಬಂತು. ಬೇರೇನೂ ಬರಲಿಲ್ಲ.

ಮತ್ತೆ ತೆರೆದ. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಸುರಿಯಿತು.

"ಬರೆದು ತೋರಿಸಬಹುದಾ?" ಎಂದು ಎಫಿ ಕೇಳಿದಳು.

"ಕಾನೂನಲ್ಲಿ ಬಾಯಿ ಅಂತಿದೆ, ತಾಯಿ," ಎಂದ ಚುನಾವಣಾಧಿಕಾರಿ. ಗಡಿಯಾರ ಐದು ಹೊಡೆಯಿತು, ಮತದಾನ ಮುಗಿಯಿತು. ಸಮಬಲವಾದ್ದರಿಂದ ಅಧಿಕಾರಿಯೇ ತನ್ನ ನಿರ್ಣಾಯಕ ಮತವನ್ನು ಸರ್ಕಾರದ ಕಡೆಗೆ ಕೊಟ್ಟು ಟೋಪಿ ಹಾಕಿಕೊಂಡು ಹೊರಟ.

ಸೋತವರಿಗಾಗಲಿ ಗೆದ್ದವರಿಗಾಗಲಿ ಲಾಕ್ಲನ್ನನ ಮೇಲೆ ಸಿಟ್ಟಿರಲಿಲ್ಲ. "ಪಾಪ, ಎಷ್ಟು ಒದ್ದಾಡಿದ ನೋಡು," ಎಂದು ಊರೆಲ್ಲ ಮರುಗಿತು. ನಾಲ್ಕು ದಿನಕ್ಕೆ ಧ್ವನಿ ಮರಳಿತು. ಅನುಮಾನ ಬಾರದಿರಲೆಂದು ಇನ್ನೊಂದು ವಾರ ಮೂಕನಾಗಿಯೇ ಇದ್ದ.

ಆ ವಾರದಲ್ಲೇ ಕಾಂಪ್ಟನ್, ಡಾಕ್ಟರು ಒಂದೇ ಗಾಡಿಯಲ್ಲಿ ಬಂದರು. ಹಾಗೆ ಬಂದದ್ದನ್ನು ಊರು ಹಿಂದೆಂದೂ ಕಂಡಿರಲಿಲ್ಲ. ಕಾಂಪ್ಟನ್ ಒಂದು ಕಾಗದ ಬಿಚ್ಚಿದ. ಅದರ ಮೇಲೆ ಕೌನ್ಸಿಲರನ ಸಹಿಯೂ ಅಸೆಂಬ್ಲಿಮನ್ನನ ಸಹಿಯೂ ಒಂದರ ಕೆಳಗೊಂದು ಇದ್ದವು.

"ಜಗಳ ಇಲ್ದೆ ಇಬ್ರೂ ಒಪ್ಪಿದ್ದು ಇದೊಂದೇ ಕಣಯ್ಯಾ," ಎಂದು ಕಾಂಪ್ಟನ್ ಕಣ್ಣೊರೆಸಿಕೊಂಡ. "ಅಂಥ ಗಂಟಲು ಇಟ್ಕೊಂಡು ನೀನು ಹೊಳೆ ಗಾಳೀಲಿ ನಿಲ್ಲೋದು ಬೇಡ."

"ನಾನೇ ಸರ್ಟಿಫಿಕೇಟ್ ಬರೆದೆ," ಎಂದರು ಡಾಕ್ಟರು. "ಇನ್ನೊಂದು ಚಳಿಗಾಲ ದೋಣಿ ಮೇಲೆ ಕಳೆದ್ರೆ ನೀನು ಉಳಿಯಲ್ಲ."

ಲಾಕ್ಲನ್ ಬಾಯಿ ತೆರೆದ. ಈಗ ಧ್ವನಿ ಇತ್ತು, ಬೇಕಾದಷ್ಟಿತ್ತು. ಆದರೆ ಗಂಟಲಿಗೆ ಯಾವ ರೋಗವೂ ಇಲ್ಲವೆಂದು ವಾದಿಸಿದರೆ, ಮತದಾನದ ದಿನ ಬೆಳಗ್ಗೆಯೂ ಇರಲಿಲ್ಲವೆಂದು ಇಬ್ಬರಿಗೂ ತಿಳಿಯುತ್ತಿತ್ತು. ಎಫಿಯ ಮುಖ ನೋಡಿದ. ಬಾಯಿ ಮುಚ್ಚಿದ.

ಸೋಮವಾರದಿಂದ ಜನರನ್ನು ಆಚೆ ದಡಕ್ಕೆ ಕಾಂಪ್ಟನ್ನನ ತಮ್ಮ, ಈಚೆ ದಡಕ್ಕೆ ಡಾಕ್ಟರ ಅಳಿಯ ದಾಟಿಸತೊಡಗಿದರು.