ಹಾಳೆಗೊಂದು ಕೆಲಸ

ಮಾರಾಟ ವಿಭಾಗದ ಮುಖ್ಯಸ್ಥರ ಕೊರಳಿಗೆ ಆ ಸೋಮವಾರ ಒಂದು ಹಾಳೆ ಗಂಟುಬಿತ್ತು. ಕಂಪನಿಯ ಪ್ರಯೋಗಾಲಯದ ಮೇಡಂ ಆರು ವರ್ಷ ಊಟ ನಿದ್ದೆ ಬಿಟ್ಟು ಮಾಡಿದ ಹಾಳೆ ಅದು. ರಟ್ಟಿನಷ್ಟು ತೆಳು, ಮೇಲೆ ಏನಿಟ್ಟರೂ ತೂಕ ಫೋನಿನಲ್ಲಿ ಮೂಡುತ್ತದೆ. ಜಗತ್ತಿನಲ್ಲೇ ಇಂಥದ್ದು ಇನ್ನೊಂದಿಲ್ಲ ಎಂದರು ಮೇಡಂ.

"ಸರಿ, ಕೊಳ್ಳೋರು ಯಾರು?" ಎಂದರು ದೊಡ್ಡ ಸಾಹೇಬರು. ಪ್ರಶ್ನೆ ತಮಗಲ್ಲ ಎಂಬಂತೆ ಮೇಡಂ ಗಡಿಯಾರ ನೋಡಿಕೊಂಡರು. ಸಾಹೇಬರು ಮುಖ್ಯಸ್ಥರತ್ತ ತಿರುಗಿದರು. "ಶುಕ್ರವಾರದೊಳಗೆ ಇದಕ್ಕೊಂದು ಉಪಯೋಗ ಹುಡುಕಿ. ಇಲ್ಲದಿದ್ರೆ ಪ್ರಯೋಗಾಲಯಕ್ಕೆ ಬೀಗ, ನಿಮಗೆ ಗೋದಾಮು."

ಮುಖ್ಯಸ್ಥರು ಹಾಳೆಯನ್ನು ಮನೆಗೆ ತಂದರು. (ಮುಖ್ಯಸ್ಥರು ಎನ್ನುವುದು ಕಚೇರಿಯ ಮಾತು, ಮನೆಯಲ್ಲಿ ಆ ಹುದ್ದೆ ಇಪ್ಪತ್ತೆರಡು ವರ್ಷದ ಹಿಂದೆಯೇ ಭರ್ತಿಯಾಗಿತ್ತು.) ಮೊದಲು ಅದನ್ನು ತಮ್ಮ ಕುರ್ಚಿಯ ದಿಂಬಿನ ಕೆಳಗಿಟ್ಟು 'ಆಸನಬಂಧು' ಎಂದು ನಾಮಕರಣ ಮಾಡಿದರು. ಮನುಷ್ಯ ಎಷ್ಟು ಹೊತ್ತು ಕೂತ ಎಂದು ಹೇಳುವ ಯಂತ್ರ.

"ಅದನ್ನ ಹೇಳೋಕೆ ಯಂತ್ರ ಯಾಕ್ರೀ? ನಾನು ಬಿಟ್ಟಿಯಾಗಿ ಹೇಳ್ತಾನೇ ಇದ್ದೀನಲ್ಲ!" ಎಂದಳು ಹೆಂಡತಿ.

ಬುಧವಾರ ಅದು ಬಾಗಿಲ ಕಾಲೊರಸಿನ ಕೆಳಗೆ ಸೇರಿ 'ಅತಿಥಿವೀಕ್ಷಕ' ಆಯಿತು. ಮೊದಲ ಅತಿಥಿ ಅವರ ಸ್ವಂತ ಅಕ್ಕ. "ಎಂಬತ್ತೇಳು ಕಿಲೋ ನಾನೂರು ಗ್ರಾಂ!" ಎಂದು ಫೋನು ಬೀದಿಗೆಲ್ಲ ಕೇಳುವಂತೆ ಕೂಗಿತು. "ನಾನೂರು ಗ್ರಾಂ ಚಪ್ಪಲಿದು ಕಣೋ!" ಎಂದು ಅಕ್ಕ ಅಲ್ಲಿಂದಲೇ ವಾಪಸಾದರು. ಹೆಂಡತಿ ಆ ದಿನವೆಲ್ಲ ಬಹಳ ಗೆಲುವಾಗಿದ್ದಳು.

ಗುರುವಾರ ಸಂಜೆ ನೋಡಿದರೆ ಹಾಳೆಯೇ ನಾಪತ್ತೆ! ಮನೆಯೆಲ್ಲ ತಡಕಾಡಿ ಅಡುಗೆಮನೆಗೆ ನುಗ್ಗಿದರೆ, ಹೆಂಡತಿ ಗ್ಯಾಸ್ ಸಿಲಿಂಡರನ್ನು ಮೊಣಕಾಲಿಗೆ ಒರಗಿಸಿ ಹಾಳೆಯನ್ನು ಅದರಡಿಗೆ ತಳ್ಳುತ್ತಿದ್ದಳು.

"ಏನೇ ಇದು! ಜಗತ್ತಿನಲ್ಲಿ ಅಂಥದ್ದು ಇರೋದು ಒಂದೇ ಒಂದು!"

"ನನಗೂ ಇರೋದು ಒಂದೇ ಸೊಂಟ. ಅರ್ಧ ಬೆಂದಿರುವಾಗಲೇ ಗ್ಯಾಸ್ ಮುಗಿಯುತ್ತೆ ಅಂತ, ದಿನ ಬಿಟ್ಟು ದಿನ ಇದನ್ನ ಎತ್ತಿ ಅಲ್ಲಾಡಿಸಿ ನೋಡ್ತೀನಿ."

"ಇಷ್ಟು ವರ್ಷ ಹೇಳಬಾರದಿತ್ತಾ?"

"ನೀವು ಕೇಳಬಾರದಿತ್ತಾ?"

ಅವರಿಗೆ ಪಿಚ್ಚೆನಿಸಿತು. 'ನಿಮ್ಮ ಅಗತ್ಯಗಳೇನು?' ಎಂದು ಮೂರು ಸಾವಿರ ಮನೆಗಳಿಗೆ ಪ್ರಶ್ನೆಪತ್ರ ಕಳಿಸಿದ ಮನುಷ್ಯ, ತನ್ನ ಮನೆಯ ಒಲೆಯ ಮುಂದೆ ನಿಂತು ಒಮ್ಮೆಯೂ ಅದನ್ನು ಕೇಳಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಜೋರಾಗಿ ಬಂದದ್ದು ಖುಷಿ. ಫೋನು ಹದಿನೇಳು ಕಿಲೋ ತೋರಿಸುತ್ತಿತ್ತು.

"ಭೇಷ್! ಇನ್ನೂ ಹದಿನೇಳು ಕಿಲೋ ಗ್ಯಾಸ್ ಇದೆ!"

"ರೀ, ಸ್ವಲ್ಪ ಪೂರ್ತಿ ಕೇಳಿ, ಅದರಲ್ಲಿ..."

ಕೇಳಲು ಅವರೆಲ್ಲಿದ್ದರು? ಆಗಲೇ ಭಾಷಣ ಬರೆಯಲು ಓಡಿದ್ದರು.

ಶುಕ್ರವಾರ ಸಭೆಯಲ್ಲಿ, ಇಪ್ಪತ್ತೆರಡು ವರ್ಷ ತಾವು ಅಡುಗೆಮನೆಯಲ್ಲಿ ನಡೆಸಿದ ಆಳವಾದ ಸಂಶೋಧನೆಯನ್ನು ವರ್ಣಿಸಿ, ಕ್ಯಾಂಟೀನಿನಿಂದ ಒಲೆಯ ಸಮೇತ ತರಿಸಿದ ಸಿಲಿಂಡರನ್ನು ಹಾಳೆಯ ಮೇಲಿಡಿಸಿದರು. "ನೋಡಿ, ಹದಿನೈದೂವರೆ ಕಿಲೋ! ಧಾರಾಳವಾಗಿದೆ!" ಎಂದು ಒಲೆಯ ಗುಂಡಿ ತಿರುಗಿಸಿದರು. ಹತ್ತಲಿಲ್ಲ. ಮತ್ತೆ ತಿರುಗಿಸಿದರು. ಎಂಟು ಕಡ್ಡಿ ಗೀರಿದರು.

ಮೇಡಂ ಬಗ್ಗಿ ನೋಡಿದರು. "ಖಾಲಿ ಸಿಲಿಂಡರಿನ ತೂಕವೇ ಹದಿನೈದೂವರೆ, ಸರ್. ಇಲ್ಲೇ ಬರೆದಿದೆ."

ಸಾಹೇಬರು ಕನ್ನಡಕ ತೆಗೆದರು. "ನಿಮ್ಮ ಮನೇಲಿ ಇದನ್ನ ಎತ್ತೋರು ಯಾರು?"

"ನನ್ನ... ಹೆಂಡತಿ, ಸರ್."

"ಅವರಿಗೆ ಫೋನ್ ಹಚ್ಚಿ."

ಹೆಂಡತಿ ಐದೇ ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದಳು: ಸಿಲಿಂಡರಿನ ಮೇಲೆ ಬರೆದ ತೂಕವನ್ನು ಹಾಳೆಯೇ ಕಳೆಯಬೇಕು, ಎರಡು ಕಿಲೋ ಉಳಿದಾಗ ಗಂಟೆ ಬಾರಿಸಬೇಕು, ಹೆಸರು ಮಾತ್ರ ತನ್ನ ಗಂಡ ಇಡಬಾರದು. ಪ್ರಯೋಗಾಲಯ ಉಳಿಯಿತು. ಗೋದಾಮೂ ತಪ್ಪಿತು.

ಆರು ತಿಂಗಳಿಗೆ ಹಾಳೆ ಅಂಗಡಿಗೆ ಬಂತು. ಡಬ್ಬಿಯ ಮೇಲೆ ದೊಡ್ಡ ಚಿತ್ರ: ಹತ್ತದ ಒಲೆಯ ಮುಂದೆ ಬಾಯಿ ಬಿಟ್ಟು ನಿಂತ ಒಬ್ಬ ಗಂಡಸು, ಕೈಯಲ್ಲಿ ಎಂಟನೇ ಕಡ್ಡಿ. ಅಂದು ಮೇಡಂ ಗುಟ್ಟಾಗಿ ತೆಗೆದ ಫೋಟೋ. ಕೆಳಗೆ, 'ಇವರಿಗೆ ಗೊತ್ತಾಗಲಿಲ್ಲ. ನಿಮಗಾದರೂ ಗೊತ್ತಾಗಲಿ.'

"ಫೋಟೋ ಚೆನ್ನಾಗಿ ಬಂದಿದೆ ರೀ," ಎಂದಳು ಹೆಂಡತಿ. ಬಾಗಿಲಲ್ಲಿ ಹೊಸ ಸಿಲಿಂಡರ್ ಬಂದು ನಿಂತಿತ್ತು. ಅವರು ಹೋಗಿ, ಜನ್ಮದಲ್ಲಿ ಮೊದಲ ಬಾರಿಗೆ ಅದನ್ನೆತ್ತಲು ಬಗ್ಗಿದರು.

"ಸೊಂಟ ಅಲ್ಲ, ಮಂಡಿ ಬಗ್ಗಿಸಿ," ಎಂದರು ಮನೆಯ ಮುಖ್ಯಸ್ಥರು.