ಫೋನಿನ ನಕ್ಷೆ, ಅತ್ತಿಯ ಖಾರ

ನಮ್ಮ ಸೋದರಮಾವನ ಕೈಗೆ ಕೊಟ್ಟ ಯಾವ ವಸ್ತುವೂ ಕೊಟ್ಟ ಹಾಗೆ ಮರಳಿ ಬಂದದ್ದಿಲ್ಲ. ಒಂದೋ ಮೊದಲಿಗಿಂತ ಚೆನ್ನಾಗಿ ನಡೆಯುತ್ತ ಬರುತ್ತಿತ್ತು, ಇಲ್ಲವೇ ಕರವಸ್ತ್ರದಲ್ಲಿ ಗಂಟು ಕಟ್ಟಿಸಿಕೊಂಡು ಬರುತ್ತಿತ್ತು! ನನ್ನ ಅಪ್ಪನ ಕೈಗಡಿಯಾರ ಎರಡನೆಯ ಬಗೆಯದು. ಗಂಟನ್ನು ಅಪ್ಪನ ಅಂಗೈಗಿಟ್ಟು ಮಾಮಾ ಹೆಮ್ಮೆಯಿಂದ ಹೇಳಿದ್ದರು: "ಎಣಿಸಿ ನೋಡ್ಕೋರಿ ಭಾವ, ಒಂದೂ ಕಳದಿಲ್ಲ."

ಮಾಮಾ ಸಗರದಲ್ಲಿ ಕ್ರಾಫ್ಟ್ ಮಾಸ್ತರರಾಗಿದ್ದವರು. ಅವರಿಗೆ ಬದುಕಿನಲ್ಲಿ ಒಂದೇ ಸಿದ್ಧಾಂತ: ವಸ್ತು ಕೊಟ್ಟವರು ಅದರ ನಕ್ಷೆಯನ್ನೂ ಕೊಡಬೇಕು. ಇದನ್ನು ಅವರಿಗೆ ಕಲಿಸಿದ್ದು ಒಂದು ರೇಡಿಯೋ. ಮದುವೆಯಲ್ಲಿ ಅವರ ಹೆಂಡತಿ, ಅಂದರೆ ನಮ್ಮ ಅತ್ತಿಯ ತವರಿನವರು ಸುರಪುರದಿಂದ ಕಳಿಸಿದ್ದು. ಅದರ ಬೆನ್ನಿನ ಹಲಗೆ ಬಿಚ್ಚಿದರೆ ಒಳಗೆ ಅಂಟಿಸಿದ ಹಳದಿ ಕಾಗದ. ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂಬುದನ್ನೆಲ್ಲ ಗೆರೆ ಎಳೆದು ತೋರಿಸಿತ್ತು. ಯಾದಗಿರಿಯ ಕಾನ್ವೆಂಟಿನಿಂದ ಬೇಸಿಗೆ ರಜೆಗೆ ಬರುತ್ತಿದ್ದ ನನ್ನನ್ನು ಅದರ ಮುಂದೆ ಕೂಡಿಸಿ, "ನೋಡವ್ವ, ಮಾರಿದಾವ ಏನೂ ಮುಚ್ಚಿಟ್ಟಿಲ್ಲ. ಇದಕ್ಕ ಮರ್ಯಾದಿ ಅಂತಾರ," ಎನ್ನುತ್ತಿದ್ದರು. ನನಗಂತೂ ಆ ಕಾಗದಕ್ಕಿಂತ ಅದರ ಮೂಲೆಯಲ್ಲಿ ಜಿರಲೆ ತಿಂದ ತೂತೇ ಹೆಚ್ಚು ಹಿಡಿಸಿತ್ತು.

ಸಿದ್ಧಾಂತ ರೇಡಿಯೋದಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅದು ಮದುವೆ ಮನೆಗಳಿಗೂ ಬಂತು! ಊಟ ಮುಗಿಸಿದ ಮಾಮಾ ನೇರ ಅಡುಗೆಯವನ ಬಳಿ ಹೋಗುತ್ತಿದ್ದರು.

"ಹುಗ್ಗಿಗಿ ಏನೇನ ಹಾಕೀಪಾ?"

"ಗೋಧಿ, ಬೆಲ್ಲ, ತುಪ್ಪರಿ."

"ಅದು ನನಗೂ ಗೊತ್ತದ. ಯಾವಾಗ ಯಾವುದು ಹಾಕಿದಿ?"

ವಡಗೇರಾದ ಒಂದು ಮದುವೆಯಲ್ಲಿ ಇವರ ಬಿಳಿ ಅಂಗಿ, ಜೇಬಿನ ಪೆನ್ನು ನೋಡಿ ಯಾರೋ ದೊಡ್ಡ ಸಾಹೇಬರು ತಪಾಸಣೆಗೆ ಬಂದಿದ್ದಾರೆಂದು ಹೆದರಿದ ಅಡುಗೆಯವನು ಸೌಟು ಹಿಡಿದುಕೊಂಡೇ ಹಿತ್ತಲಿನಿಂದ ಓಡಿಹೋದ. ಎರಡನೆಯ ಪಂಕ್ತಿಗೆ ಮಾಮಾನೇ ಬಡಿಸಬೇಕಾಯಿತು!

ಇಂಥ ಮಾಮಾನ ಸಿದ್ಧಾಂತ ನಡೆಯದ ಜಾಗ ಜಗತ್ತಿನಲ್ಲಿ ಒಂದೇ ಇತ್ತು. ಅವರದೇ ಅಡುಗೆಮನೆ. ಅತ್ತಿ ಮಾಡುತ್ತಿದ್ದ ಮಸಾಲಿ ಖಾರಕ್ಕೆ ಓಣಿಯೇ ಮೂಗರಳಿಸುತ್ತಿತ್ತು. ಮಸಾಲೆ ಹುರಿಯುವಾಗ ಅವರು ಬಾಗಿಲ ಅಗಳಿ ಹಾಕಿಕೊಳ್ಳುತ್ತಿದ್ದರು. ಎಲ್ಲ ಬೆರೆಸಿ ತಂದು ಅಂಗಳದ ಒರಳಿಗೆ ಸುರಿದ ಮೇಲೆ ಕುಟ್ಟುವುದಷ್ಟೇ ಮಾಮಾನ ಪಾಲು. ಕೆಮ್ಮುತ್ತ, ಸೀನುತ್ತ, ಮೂಗಿಗೆ ವಲ್ಲಿ ಕಟ್ಟಿಕೊಂಡು ಕುಟ್ಟುತ್ತಿದ್ದರು. ನೆರೆಯ ಹೆಂಗಸರು ಕೇಳಿದರೆ ಅತ್ತಿಯದು ಒಂದೇ ಉತ್ತರ: "ನಮ್ಮವ್ವನ ಖಾರ ಅದು. ಬೇಕಾದ್ರ ಡಬ್ಬಿ ತುಂಬ ಒಯ್ರಿ. ಹ್ಯಾಂಗ ಮಾಡಿದಿ ಅಂತ ಮಾತ್ರ ಕೇಳಬ್ಯಾಡ್ರಿ."

ಈಗ ಫೋನಿನ ಕತೆಗೆ ಬರುತ್ತೇನೆ. ಈಚೆಗೆ ಅತ್ತಿಯ ಕಣ್ಣು ಮಂಜಾಗಿದೆ. ಟಿವಿ ಅವರಿಗೆ ಬರೀ ಬೆಳಕು. ಮಧ್ಯಾಹ್ನವೆಲ್ಲ ಫೋನಿನೊಳಗಿನ ರೇಡಿಯೋವೇ ಸಂಗಾತಿ. ಒಂದು ದಿನ ಫೋನು ತನ್ನಷ್ಟಕ್ಕೆ ತಾನು ಏನೋ ಹೊಸದನ್ನು ಇಳಿಸಿಕೊಂಡು, ಮುಖ ತೊಳೆದಂತೆ ಫಳಫಳ ಎದ್ದಿತು. ರೇಡಿಯೋ ಮಾತ್ರ ಇರಲಿಲ್ಲ!

"ಹಾಡೋ ಮಂದಿ ಎಲ್ಲಿ ಹೋದ್ರು ರೀ?" ಎಂದು ಅತ್ತಿ ಫೋನನ್ನು ಕಿವಿಗೆ ಒತ್ತಿ ಒತ್ತಿ ಕೇಳಿದರಂತೆ.

ಮಾಮಾನ ಸಿಟ್ಟು ನೆತ್ತಿಗೇರಿತು. ಶಹಾಪುರದಲ್ಲಿದ್ದ ನನಗೆ ಬುಲಾವು ಬಂತು. ಫೋನಿನ ಸೆಟ್ಟಿಂಗ್ಸಿನ ತಳದಲ್ಲಿ, ಮನುಷ್ಯರು ಯಾರೂ ಓದದ ಕಾನೂನಿನ ಪುಟ ಒಂದಿರುತ್ತದಲ್ಲ, ಅದನ್ನು ತೆರೆದು, "ನೀ ಕಾನ್ವೆಂಟಿನ್ಯಾಕಿ, ಓದು," ಎಂದರು. ಶಾಲೆಯ ಪ್ರಾರ್ಥನೆಯ ಧಾಟಿಯಲ್ಲೇ ಓದಿದೆ. ಕೊನೆಗೆ ಆಮೆನ್ ಅನ್ನುವುದೊಂದು ಬಾಕಿ! ಸಾರಾಂಶ ಇಷ್ಟು: ಈ ಫೋನಿನ ತಳಪಾಯವನ್ನು ಎಲ್ಲೆಲ್ಲಿಯದೋ ಜನ ಸೇರಿ ಬರೆದು ಪುಕ್ಕಟೆ ಕೊಟ್ಟಿದ್ದಾರೆ. ಕರಾರು ಒಂದೇ, ಅದನ್ನು ಬಳಸಿ ಫೋನು ಮಾರಿದವರು, ಕೊಂಡವರು ಕೇಳಿದರೆ ಆ ಬರಹವನ್ನು ಕೊಡಬೇಕು. ಅದರ ಹೆಸರೇ ಸೋರ್ಸ್ ಕೋಡ್.

"ನಕ್ಷೆ!" ಎಂದರು ಮಾಮಾ. "ಅದು ಸಿಕ್ಕರ ಯಾರರ ತಿಳದವ್ರು ರೇಡಿಯೋ ತಿರುಗಿ ಕೂಡಸ್ತಾರ."

ಒಳಗಿನಿಂದ ಅತ್ತಿ: "ಯಾಕ ಕೊಡಬೇಕ್ರಿ ಅವ್ರು? ಕಷ್ಟಪಟ್ಟು ಮಾಡಿರ್ತಾರ. ನಾ ಕೊಡ್ತೀನೇನು ನನ್ನ ಖಾರದ ಗುಟ್ಟು?"

"ಖಾರ ನೀ ಹುಟ್ಟಿಸಿದಿ ಏನು? ನಿಮ್ಮವ್ವ ಕೊಟ್ಟಳು, ನಿನಗ ಬಂತು. ಪುಕ್ಕಟೆ ಪಡದದ್ದು ಮುಂದ ಕೊಡಬೇಕು!"

"ಹಂಗಾರ ಇವತ್ತಿಂದ ಫೋನಿನವ್ರ ಖಾರಾನ ಉಣ್ರಿ!"

ಅಂದು ಮಧ್ಯಾಹ್ನ ನಾವು ಮೂವರೂ ಖಾರವಿಲ್ಲದ ಬೇಳೆ ಕಟ್ಟು ಉಂಡೆವು. ಒಂದು ಸಣ್ಣ ಹೊಸ ರೇಡಿಯೋ ತಂದುಕೊಡುತ್ತೇನೆ ಎಂದು ನಾನು ಬಾಯಿ ತೆರೆದೆ. "ಕಸಗೊಂಡವ್ರು ಅವ್ರು. ಅವ್ರೇ ಕೊಡ್ಲಿ," ಎಂದು ಮಾಮಾ ಬಾಯಿ ಮುಚ್ಚಿಸಿದರು.

ಮುಂದಿನ ವಾರ ಯಾದಗಿರಿಯ ಸರ್ವಿಸ್ ಸೆಂಟರು. ಕೌಂಟರಿನ ಹುಡುಗಿ ಬಹಳ ಮರ್ಯಾದೆಯವಳು.

"ಏನ್ ತೊಂದ್ರಿ ಅದ್ರಿ ಸರ?"

"ತೊಂದ್ರಿ ಏನಿಲ್ಲವ್ವ. ಸೋರ್ಸ್ ಕೋಡ್ ಬೇಕಾಗ್ಯಾದ."

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ಗಾಜಿನ ಕಪಾಟು ಬಗ್ಗಿ ನೋಡಿದಳು. ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು. "ಸರ, ಚಾರ್ಜರ್ ಅದರಿ, ಕವರ್ ಅದರಿ. ಸೋರ್ಸ್ ಕೋಡ್ ಸ್ಟಾಕ್ ಇಲ್ರಿ. ಕಲಬುರಗಿಯಿಂದ ತರಸಬೇಕು!"

ಕೊನೆಗೆ ನಾನೇ ಕಂಪನಿಗೆ ಇಮೇಲ್ ಕಳಿಸಿದೆ, ಕಾನ್ವೆಂಟಿನ ಸಿಸ್ಟರುಗಳು ತಲೆದೂಗುವಷ್ಟು ವಿನಯದ ಇಂಗ್ಲಿಷಿನಲ್ಲಿ. ಮರೆತೇಬಿಟ್ಟಿದ್ದಾಗ ಉತ್ತರ ಬಂತು. ಒಂದು ಕೊಂಡಿ, ಅದನ್ನು ಒತ್ತಿದರೆ ರಾಶಿ ರಾಶಿ ಕಡತ! ಮಾಮಾ ಓಣಿಗೆಲ್ಲ ಪೇಡೆ ಹಂಚಿದರು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಓರಗಿತ್ತಿ ಎಲ್ಲ ತೆರೆದು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಕಾಕಾ, ಇದು ತಳಪಾಯದ್ದು ಅಷ್ಟ. ರೇಡಿಯೋ ಅವ್ರು ಮ್ಯಾಲೆ ತಾವ ಕಟ್ಟಿದ ಖೋಲಿ. ಅದರ ನಕ್ಷೆ ಕೊಡಬೇಕಂತ ಕರಾರಿಲ್ರಿ."

ಮಾಮಾ ಪೇಡೆಯ ಖಾಲಿ ಡಬ್ಬಿಯನ್ನು ಬಹಳ ಹೊತ್ತು ಮಡಚುತ್ತ ಕುಳಿತರು. "ಅರ್ಧ ಮರ್ಯಾದಿ," ಎಂದರು. ಅಷ್ಟೇ.

ಬಳಿಕ ಅವರು ಮಾಡಿದ ಕೆಲಸವೆಂದರೆ, ಜೋಳದ ಚೀಲಗಳ ಹಿಂದೆ ಬಿದ್ದಿದ್ದ ಮದುವೆಯ ರೇಡಿಯೋ ಹೊರತೆಗೆದದ್ದು. ಬೆನ್ನು ಬಿಚ್ಚಿದಾಗ ಹಳದಿ ಕಾಗದ ಅಲ್ಲೇ ಇತ್ತು. ಜಿರಲೆಯ ತೂತೂ ಇತ್ತು! ಬೆರಳಿಟ್ಟು ಗೆರೆ ಹಿಡಿದು, ಬೆಸುಗೆ ಹಾಕಿ, ಕೈ ಸುಟ್ಟುಕೊಂಡು ಅಂತೂ ಅದರ ಬಾಯಿ ಬಿಡಿಸಿದರು. ತಲೆಯ ಮೇಲೆ ಹಿತ್ತಾಳೆಯ ತಂಬಿಗೆ ಇಟ್ಟರೆ ಮಾತ್ರ ಹಾಡುತ್ತದೆ. ಯಾಕೆ? ಅದು ನಕ್ಷೆಯಲ್ಲಿ ಇಲ್ಲ! ಅತ್ತಿ ಅದರ ಮುಂದೆ ಗೋಡೆಗೊರಗಿ ಕುಳಿತರು, ಹಾಡು ಮುಗಿದ ಮೇಲೂ ಏಳಲಿಲ್ಲ. ನಾನು ಶಹಾಪುರದ ಬಸ್ಸಿಗೆ ಹೊರಟಾಗ ಸೆರಗು ಹಿಡಿದು ನಿಲ್ಲಿಸಿದರು. "ಐತವಾರ ಬಾರವ್ವ. ಖಾರ ಮಾಡೂಣು."

ಭಾನುವಾರ ಅಡುಗೆಮನೆಯ ಅಗಳಿ ಹಾಕಿರಲಿಲ್ಲ. "ಬಣ್ಣ ನೋಡಬ್ಯಾಡ, ವಾಸನಿ ಹಿಡಿ," ಎನ್ನುತ್ತ ಅತ್ತಿ ನನ್ನ ಕೈಯಲ್ಲಿ ಕೊತ್ತಂಬರಿ, ಜೀರಿಗೆ, ಲವಂಗ, ಒಣಕೊಬ್ಬರಿ ಒಂದೊಂದಾಗಿ ಹುರಿಸಿದರು. ಆಮೇಲೆ ತಡೆದು ನಿಂತರು. ಕೈ ಗಾಳಿಯಲ್ಲೇ ಏನನ್ನೋ ಹುಡುಕಿತು.

"ಇನ್ನೊಂದು ಇತ್ತು ನೋಡವ್ವ... ಕಡೀಕ ಹಾಕೋದು..."

ಅಂಗಳದಲ್ಲಿ ಒರಳು ಒರೆಸುತ್ತಿದ್ದ ಮಾಮಾ ತಲೆಯೆತ್ತದೆ ಹೇಳಿದರು: "ಕಲ್ಲಹೂವು. ಒಲಿ ಆರಿಸಿದ ಮ್ಯಾಲೆ."

ಅತ್ತಿ ದನಿ ಬಂದ ಕಡೆ ತಿರುಗಿದರು. "ನಿಮಗ ಹ್ಯಾಂಗ ಗೊತ್ತು?"

"ಇಷ್ಟ ವರ್ಷ ಕುಟ್ಟಿದಾವ ಯಾರು?"

"ಮತ್ತ ಊರ ಮಂದಿ ಅಷ್ಟು ಕೇಳಿದ್ರೂ ಹೇಳಲಿಲ್ಲಲ್ರಿ?"

"ನಿನ್ನ ಖಾರ. ನೀ ಹೇಳಬೇಕು."

ಅತ್ತಿ ಸೆರಗಿನಿಂದ ಕಣ್ಣೊತ್ತಿಕೊಂಡರು. "ಮೆಣಸಿನಕಾಯಿ ಘಾಟು ನೋಡವ್ವ," ಎಂದರು.

ಮೆಣಸಿನಕಾಯಿ ಚೀಲದ ಬಾಯಿಯನ್ನು ನಾನಿನ್ನೂ ಬಿಚ್ಚಿರಲಿಲ್ಲ.