ನೀರುನಾಯಿಯನ್ನು ನಾಯಿ ಎಂದು ಪರಿಗಣಿಸುವ ಬಗ್ಗೆ

ಹೆಸರಿನಲ್ಲಿ ‘ನಾಯಿ’ ಎಂಬ ಪದವುಳ್ಳ ಸಕಲವನ್ನೂ ನಾಯಿಯೆಂದೇ ಭಾವಿಸತಕ್ಕದ್ದು ಎಂಬುದು ದಾವಣಗೆರೆ–ಹರಿಹರ ಅವಳಿ ನಗರ ಶ್ವಾನ ನಿರ್ವಹಣಾ ಮಂಡಳಿಯ ಮೂಲ ನಿಯಮ. ಈ ನಿಯಮವನ್ನು ಯಾರು, ಯಾವ ಗಳಿಗೆಯಲ್ಲಿ ಬರೆದರೋ ತಿಳಿಯದು. ಮಂಡಳಿ ಮಾತ್ರ ಅದನ್ನು ಎಂದೂ ಮೀರಿಲ್ಲ. ಕಚೇರಿಯ ಹಿತ್ತಲಲ್ಲಿ ಮಳೆಗೆ ಎದ್ದ ನಾಯಿಕೊಡೆಗಳನ್ನು ಕಿತ್ತು, ‘ಹಿಡಿದ ನಾಯಿಗಳು’ ಎಂಬ ತಲೆಬರಹದಡಿ ಸೇರಿಸಿದ್ದಕ್ಕೆ ಆ ವರ್ಷ ಮಂಡಳಿಗೆ ಪ್ರಶಂಸಾಪತ್ರ ಬಂತು. ನಾಯಿಕೆಮ್ಮು ಹತ್ತಿದ ಕೂಸುಗಳನ್ನೂ ತನ್ನ ವ್ಯಾಪ್ತಿಗೆ ಒಪ್ಪಿಸಬೇಕೆಂದು ಅದು ಕೇಳಿತ್ತು. ತಾಯಂದಿರು ಪೊರಕೆ ಹಿಡಿದು ಬಂದದ್ದರಿಂದ ಆ ವಿಷಯವನ್ನು ಸದ್ಯಕ್ಕೆ ಮುಂದೂಡಲಾಗಿದೆ. ಇಷ್ಟು ಶ್ರದ್ಧೆಯ ಕಚೇರಿಯ ಕಣ್ಣಿಗೆ ತುಂಗಭದ್ರೆಯ ನೀರುನಾಯಿ ಬಹಳ ಕಾಲ ಬಿದ್ದಿರಲಿಲ್ಲ.

ಬೀಳುವಂತೆ ಮಾಡಿದವರು ಕೆ.ಬಿ. ಬಡಾವಣೆಯ ದ್ರಾಕ್ಷಾಯಣಮ್ಮ. ಡ್ರಾಯಿಂಗ್ ಟೀಚರಾಗಿ ನಿವೃತ್ತರಾದ ಮೇಲೆ ಅವರು ಒಂದು ಒಳ್ಳೆಯ ಕ್ಯಾಮರಾ ಕೊಂಡರು. ಬಟ್ಟೆ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಿಡುವಾಗಿದ್ದ ಅವರ ಯಜಮಾನರು ಕರಿಬಸವರಾಜ, ಕ್ಯಾಮರಾದ ಚೀಲ ಹೊತ್ತರು. ದಂಪತಿ ಕಾಡು ಸುತ್ತಿದರು, ಜಲಪಾತ ಸುತ್ತಿದರು. ಕಬಿನಿಯಲ್ಲಿ ಇವರಿಗೆ ಹುಲಿಯ ಬಾಲ ಸಿಕ್ಕಿತು. ಉಳಿದ ಹುಲಿ ಮುಂದಿನ ಜೀಪಿನವರಿಗೆ ಸಿಕ್ಕಿತು. ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ ಆಗಷ್ಟೇ ಬಿಟ್ಟು ಹೋದ ಕೊಂಬೆಯ ಚಿತ್ರ ಬಹಳ ಸ್ಪಷ್ಟವಾಗಿ ಬಂತು. ಹೀಗಿರುವಾಗ ಭಾನುವಳ್ಳಿಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಬರುತ್ತ, ಹರಿಹರದ ಹೊಳೆದಂಡೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳಲು ಕಾರು ನಿಲ್ಲಿಸಿದರು. ಎದುರಿನ ಬಂಡೆಯ ಮೇಲೆ ಒಂದು ತಾಯಿ ನೀರುನಾಯಿ, ಮೂರು ಮರಿ. ತಾಯಿ ಮೀನು ತಂದಿತು, ಮರಿಗಳು ಜಗಳವಾಡಿದವು, ಗೆದ್ದದ್ದು ಸೋತದ್ದರ ಮೇಲೆ ಕೂತು ತಿಂದಿತು. ಊರೂರು ತಿರುಗಿದರೂ ಸಿಗದ ಸಂತೋಷ ಮನೆಯ ಹತ್ತಿರವೇ ಸಿಕ್ಕಿತಲ್ಲ ಎಂದು ದ್ರಾಕ್ಷಾಯಣಮ್ಮ ಅತ್ತೇಬಿಟ್ಟರು. ಅಳುತ್ತಲೇ ಫೋಟೋ ತೆಗೆದರು.

‘ನಮ್ಮ ಹೊಳೆಯ ನೀರುನಾಯಿ ಸಂಸಾರ’ ಎಂದು ಬರೆದು ಅವರು ಕಳಿಸಿದ ಚಿತ್ರ, ಎರಡೂ ಊರಿನ ಫೋನುಗಳಲ್ಲಿ ಓಡಾಡಿ, ಕೊನೆಗೆ ಮಂಡಳಿಯ ಸಹಾಯಕ ನಿರ್ದೇಶಕರಾದ ಶಿವಮೂರ್ತಿಯವರ ಫೋನಿಗೆ ಬಂದು ನಿಂತಿತು. ಅವರು ಚಿತ್ರವನ್ನು ಹಿಗ್ಗಿಸಿ ನೋಡಿದರು. ಕೊರಳಪಟ್ಟಿ ಇಲ್ಲ. ಲಸಿಕೆ ಹಾಕಿಸಿದ ಗುರುತಿಲ್ಲ. ಮರಿ ಬೇರೆ ಹಾಕಿದೆ. ಮರುದಿನ ಬೆಳಿಗ್ಗೆ ಎರಡೂ ಊರಿನ ಬೀದಿಗಳಲ್ಲಿ ಆಟೋ ಒಂದು ಹೀಗೆ ಕೂಗಿಕೊಂಡು ಹೋಯಿತು:

“ಸಾರ್ವಜನಿಕರ ಗಮನಕ್ಕೆ. ಹರಿಹರದ ಹೊಳೆಯಲ್ಲಿ ವಾರಸುದಾರರಿಲ್ಲದ ನಾಯಿಯೊಂದು ಮರಿಗಳ ಸಮೇತ, ಪೂರ್ವಾನುಮತಿಯಿಲ್ಲದೆ ಈಜುತ್ತಿರುವುದು ಕಂಡುಬಂದಿರುತ್ತದೆ. ಸದರಿ ಕುಟುಂಬವನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಪಡಿಸಲಾಗುವುದು. ಈಜು ಬಾರದ ನಾಯಿಗಳ ಮಾಲೀಕರು ಗಾಬರಿಪಡುವ ಅಗತ್ಯವಿಲ್ಲ.”

ದ್ರಾಕ್ಷಾಯಣಮ್ಮ ಒಲೆ ಆರಿಸಿ, ಯಜಮಾನರನ್ನು ಹೊರಡಿಸಿಕೊಂಡು, ದೇವರಾಜ ಅರಸು ಬಡಾವಣೆಯಲ್ಲಿರುವ ಮಂಡಳಿಯ ಕಚೇರಿಗೆ ಹೋದರು. ಬಾಗಿಲಲ್ಲಿ ನಾಲ್ಕಾರು ಬೀದಿನಾಯಿಗಳು ಮಲಗಿದ್ದವು. ಅವುಗಳನ್ನು ದಾಟಿಕೊಂಡೇ ಒಳಗೆ ಹೋಗಬೇಕು, ಸಿಬ್ಬಂದಿಯೂ ಹಾಗೇ ಹೋಗುತ್ತಾರೆ.

“ಸರ್, ಅದು ನಾಯಿ ಅಲ್ರಿ,” ಎಂದರು ದ್ರಾಕ್ಷಾಯಣಮ್ಮ.

“ಮೊದ್ಲು ಕೂಡ್ರಿ ಮೇಡಂ,” ಎಂದರು ಶಿವಮೂರ್ತಿ. ಅವರು ಸಜ್ಜನರು, ಯಾರೇ ಬಂದರೂ ಕೂರಿಸಿಯೇ ಇಲ್ಲ ಅನ್ನುವವರು. “ಫೋಟೋದಾಗೆ ನೀರುನಾಯಿ ಅಂತ ಬರ್ದೋರು ಯಾರು?”

“ನಾನೇ ಬರ್ದೆ. ಅದರ ಹೆಸ್ರೇ ಅದು.”

“ಮತ್ತೆ? ನಾವೇನು ಹೆಸ್ರು ಹುಟ್ಟಿಸಿಲ್ಲಲ್ರಿ.”

“ಅದು ಕಾಡುಪ್ರಾಣಿ ರೀ. ಮುಟ್ಟಂಗಿಲ್ಲ ಅದನ್ನ.”

“ಕಾಡುಪ್ರಾಣಿ ಅನ್ನಾಕೆ ಕಾಡು ಬೇಕಲ್ರಿ ಮೇಡಂ. ಹರಿಹರದ ಹೊಳೆಯಾಗೆ ಕಾಡು ಎಲ್ಲೈತೆ ತೋರಿಸ್ರಿ, ಈಗ್ಲೇ ಕೈ ಬಿಡ್ತೀನಿ.”

ಕರಿಬಸವರಾಜ ಅವರಿಗೆ ವ್ಯಾಪಾರದ ಬುದ್ಧಿ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, “ಕೆಲವು ಕಡೆ ಅದಕ್ಕೆ ನೀರುಬೆಕ್ಕು ಅಂತಾರೆ ಸಾಹೇಬ್ರೆ. ಹಂಗೇ ಬರ್ಕೊಂಬಿಡ್ರಿ, ಬೆಕ್ಕು ನಿಮಗೆ ಬರಂಗಿಲ್ಲಲ್ಲ,” ಎಂದರು.

ಶಿವಮೂರ್ತಿ ಇದನ್ನು ನಿಜಕ್ಕೂ ಯೋಚಿಸಿದರು. “ಹೆಸರು ಬದಲಾವಣೆಗೆ ಅವಕಾಶ ಐತೆ. ಆದ್ರೆ ಅರ್ಜಿದಾರರು ಖುದ್ದು ಬರ್ಬೇಕು. ಗುರುತಿನ ಚೀಟಿ ತರ್ಬೇಕು.”

“ತಾಯಿನ ಹಿಡ್ಕೊಂಡು ಹೋದ್ರೆ ಮರಿ ಬದುಕಲ್ರಿ,” ಎಂದರು ದ್ರಾಕ್ಷಾಯಣಮ್ಮ. “ಅವಕ್ಕಿನ್ನೂ ಮೀನು ಹಿಡಿಯಾಕೆ ಬರಲ್ಲ.”

“ಮರಿನೂ ಹಿಡಿತೀವಿ ಮೇಡಂ. ನಮ್ಮಲ್ಲಿ ಭೇದಭಾವ ಇಲ್ಲ.”

ನೀರುನಾಯಿ ಹಿಡಿಯುವ ಗುತ್ತಿಗೆ ಉಚ್ಚೆಂಗಪ್ಪನಿಗೆ ಸಿಕ್ಕಿತು. ಬೀದಿನಾಯಿ ಹಿಡಿಯುವ ಗುತ್ತಿಗೆಯೂ ಅವನದೇ ಆದ್ದರಿಂದ ಅನುಭವದ ಪ್ರಶ್ನೆ ಬರಲಿಲ್ಲ. ಅವನು ಮೊದಲ ದಿನ ದಂಡೆಯಲ್ಲಿ ನಿಂತು ಬನ್ನು ತೋರಿಸಿ “ಟಾಮಿ, ಟಾಮಿ, ಬಾ” ಎಂದು ಕರೆದ. ತಾಯಿ ನೀರುನಾಯಿ ತಲೆ ಎತ್ತಿ, ಬಾಯಲ್ಲಿದ್ದ ಮೀನನ್ನು ಅವನೆದುರೇ ತಿಂದು ಮುಳುಗಿತು. ಇನ್ನೊಂದು ದಿನ ರಾಜು ಎಂದು ಕರೆದ, ಆಮೇಲೆ ಪಿಂಕಿ ಎಂದ. ಯಾವ ಹೆಸರಿಗೂ ಓಗೊಡದ ನಾಯಿಯನ್ನು ಅವನು ತನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಕೊನೆಗೆ ಬಂಡೆಯ ಸುತ್ತ ಬಲೆ ಕಟ್ಟಿಸಿದ. ದ್ರಾಕ್ಷಾಯಣಮ್ಮ ಯಜಮಾನರ ಜೊತೆ ದಿನವೂ ಬಂದು ದಂಡೆಯಲ್ಲಿ ಕೂರುತ್ತಿದ್ದರು. ತಾವೇ ಫೋಟೋ ಕಳಿಸಿ ತಂದಿಟ್ಟ ಸಂಕಟವಿದು ಎಂಬ ಕೊರಗಿನಿಂದ ಅವರಿಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮರಿಯೊಂದು ಬಲೆಗೆ ಬಿತ್ತು. ಅದು ಸಣ್ಣ ದನಿಯಲ್ಲಿ ಚೀರುತ್ತಿತ್ತು. ತಾಯಿ ಓಡಿ ಹೋಗಲಿಲ್ಲ. ಬಲೆಯ ಸುತ್ತಲೇ ಈಜುತ್ತ, ಹಗ್ಗವನ್ನು ಕಚ್ಚುತ್ತ, ಮತ್ತೆ ಸುತ್ತುತ್ತ ಇತ್ತು. ದ್ರಾಕ್ಷಾಯಣಮ್ಮ ಯಜಮಾನರ ಕೈಯಿಂದ ಅಡಕೊತ್ತು ಕಿತ್ತುಕೊಂಡು, ಸೀರೆ ಸಮೇತ ಮೊಣಕಾಲುದ್ದ ನೀರಿಗಿಳಿದು, ಬಲೆಯನ್ನು ಅಡಿಕೆ ಕತ್ತರಿಸಿದಂತೆ ಕಟಕಟ ಕತ್ತರಿಸಿದರು. ಮರಿ ಜಾರಿಕೊಂಡು ತಾಯಿಯ ಹಿಂದೆ ಹೋಯಿತು.

“ಅಮ್ಮಾರೆ, ಸರ್ಕಾರಿ ಬಲೆ ಅದು!” ಎಂದು ಉಚ್ಚೆಂಗಪ್ಪ ಕೂಗಿದ. ಕೂಗಿದ ಮೇಲೆ ಅವನಿಗೂ ಸಾಕಾಗಿ ದಂಡೆಯಲ್ಲಿ ಕೂತ. “ನನಗೇನು ಅದರ ಮ್ಯಾಲೆ ಸಿಟ್ಟೈತೇನ್ರಿ? ಫೋಟೋ ಕೊಡದಿದ್ರೆ ಬಿಲ್ಲು ಪಾಸಾಗಲ್ಲ. ಅಷ್ಟೇ.”

“ಯಾವ ಫೋಟೋ?” ಎಂದರು ದ್ರಾಕ್ಷಾಯಣಮ್ಮ, ಸೆರಗು ಹಿಂಡುತ್ತ.

“ನೀರಾಗೆ ನಾಯಿ ಇರ್ಬೇಕು. ಮುಖ ಕಾಣ್ಬೇಕು. ಹಿಂದೆ ಹೊಳೆ ಕಾಣ್ಬೇಕು.”

ದ್ರಾಕ್ಷಾಯಣಮ್ಮ ಜೀವಮಾನವಿಡೀ ಮಕ್ಕಳಿಗೆ, ಕಂಡದ್ದನ್ನು ಕಂಡಂತೆ ಬಿಡಿಸಿ ಎಂದು ಹೇಳಿಕೊಟ್ಟವರು. ಅವರು ಕೇಳಿದರು: “ಯಾವ ನಾಯಿ ಅಂತ ಏನರ ಬರ್ದಾರೇನು?”

ಉಚ್ಚೆಂಗಪ್ಪ ಅವರ ಮುಖ ನೋಡಿದ. ಕರಿಬಸವರಾಜ ಕೂಡ ನೋಡಿದರು, ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಈ ಮುಖವನ್ನು ಕಾಣದವರಂತೆ.

ಮರುದಿನ ಉಚ್ಚೆಂಗಪ್ಪನ ವ್ಯಾನು ಮಂಡಳಿಯ ಕಚೇರಿಯ ಬಾಗಿಲಲ್ಲಿ ಮಲಗಿದ್ದ ನಾಯಿಗಳನ್ನೇ ತುಂಬಿಕೊಂಡು ಹರಿಹರಕ್ಕೆ ಬಂತು: ಒಂದು ದೊಡ್ಡದು, ಮೂರು ಚಿಕ್ಕವು. ಅವುಗಳನ್ನು ಹೊಟ್ಟೆ ಮುಟ್ಟುವಷ್ಟು ನೀರಿನಲ್ಲಿ ನಿಲ್ಲಿಸಲಾಯಿತು. ದೊಡ್ಡದು ಒಪ್ಪದೆ ಕೂತುಬಿಟ್ಟಿತು. ಅದಕ್ಕೆ ಬಕೆಟ್ಟಿನಿಂದ ನೀರು ಹೊಯ್ದರು. ದ್ರಾಕ್ಷಾಯಣಮ್ಮ ಕ್ಯಾಮರಾ ಎತ್ತಿದರು. ಅವರಿಗೆ ನಾಚಿಕೆಯಾಯಿತು. ಸುಳ್ಳು ಚಿತ್ರಕ್ಕೂ ಬೆಳಕು ಸರಿಯಾಗಿದೆಯೇ ಎಂದು ನೋಡುತ್ತಿದ್ದೇನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಆದರೂ ನೋಡಿಯೇ ತೆಗೆದರು.

ಉಚ್ಚೆಂಗಪ್ಪ ದ್ರಾಕ್ಷಾಯಣಮ್ಮನವರೊಡನೆ ಕಚೇರಿಗೆ ಬಂದು ಕೊಟ್ಟ ಚಿತ್ರಗಳನ್ನು ಕಂಡು ಶಿವಮೂರ್ತಿಯವರಿಗೆ ಬಹಳ ಸಂತೋಷವಾಯಿತು. ಒಂದೇ ಒಂದು ಸಂಶಯ ಉಳಿದಿತ್ತು.

“ಇದು ನೀರುನಾಯಿ, ಸರಿ. ಹಂಗಾದ್ರೆ ಮೊದಲು ನೀವು ಹಾಕಿದ್ದ ಫೋಟೋದಾಗೆ ಇದ್ದದ್ದು ಏನ್ರಿ ಮೇಡಂ?”

“ಅದು ನಾಯಿ ಅಲ್ರಿ,” ಎಂದರು ದ್ರಾಕ್ಷಾಯಣಮ್ಮ.

“ಅಲ್ಲ ಅಂತ ಮೊದ್ಲೇ ಹೇಳ್ಬಾರ್ದೇನ್ರಿ? ಸುಮ್ನೆ ಓಡಾಡಿದ್ರಿ,” ಎಂದರು ಶಿವಮೂರ್ತಿ, ಹಿತೈಷಿಯ ದನಿಯಲ್ಲಿ. ನಾಯಿ ಸಿಕ್ಕ ಮೇಲೆ, ನಾಯಿಯಲ್ಲದ್ದನ್ನು ನಾಯಿಯಲ್ಲವೆಂದು ಒಪ್ಪಲು ಮಂಡಳಿಗೆ ಯಾವ ಅಭ್ಯಂತರವೂ ಇರಲಿಲ್ಲ. ಬಲೆಗಳನ್ನು ಅಂದೇ ಬಿಚ್ಚಿಸಿದರು.

ನಾಲ್ಕೂ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಇಲ್ಲಿ ಇನ್ನೊಂದು ನಿಯಮ ಬರುತ್ತದೆ: ನಾಯಿಯನ್ನು ಎಲ್ಲಿ ಹಿಡಿಯಲಾಯಿತೋ ಅಲ್ಲಿಯೇ ಮರಳಿ ಬಿಡತಕ್ಕದ್ದು. ದಾಖಲೆಯ ಪ್ರಕಾರ ಇವುಗಳನ್ನು ಹಿಡಿದದ್ದು ಹೊಳೆಯಲ್ಲಿ. ಆದ್ದರಿಂದ ದೇವರಾಜ ಅರಸು ಬಡಾವಣೆಯಲ್ಲಿ ಹುಟ್ಟಿ ಬೆಳೆದ ಆ ಕುಟುಂಬವನ್ನು ಗಾಯ ಮಾಯ್ದ ಮೇಲೆ ಹರಿಹರದ ಹೊಳೆದಂಡೆಗೆ ತಂದು ಬಿಡಲಾಯಿತು. ಬಡಾವಣೆಯ ಜನ, ನಮ್ಮಲ್ಲಿ ಇನ್ನೂ ಬೇಕಾದಷ್ಟು ನೀರುನಾಯಿಗಳಿವೆ, ಅವನ್ನೂ ಹಿಡಿಯಿರಿ ಎಂದು ಮನವಿ ಕೊಟ್ಟರು. ಮನವಿ ಮಾನ್ಯವಾಯಿತು.

ಈಗ ದಂಡೆಯಲ್ಲಿ ‘ನೀರುನಾಯಿ ವೀಕ್ಷಣಾ ತಾಣ’ ಎಂಬ ದೊಡ್ಡ ಫಲಕವಿದೆ. ಫಲಕದ ಮೇಲೆ ಬಾಲ ಮೇಲಕ್ಕೆ ಸುತ್ತಿಕೊಂಡ ಕಂದು ಬಣ್ಣದ ನಾಯಿಯ ಚಿತ್ರವಿದೆ. ಬನ್ನು ಮಾರುವ ಗುತ್ತಿಗೆ ಉಚ್ಚೆಂಗಪ್ಪನದು. ರಜಾ ದಿನಗಳಲ್ಲಿ ದೂರದೂರದಿಂದ ಬಸ್ಸುಗಳು ಬರುತ್ತವೆ. ಬಸ್ಸಿನ ಸದ್ದು ಕೇಳಿದೊಡನೆ ನಾಯಿಗಳು ತಾವಾಗಿಯೇ ಎದ್ದು ನೀರಿಗಿಳಿದು ನಿಲ್ಲುತ್ತವೆ, ಫೋಟೋ ಮುಗಿಯುವವರೆಗೆ ನಿಂತು, ಬನ್ನು ತಿಂದು ಮೇಲೆ ಬರುತ್ತವೆ. ಅಪರೂಪದ ಈ ಪ್ರಾಣಿ ಇಷ್ಟೊಂದು ಸಾಧುವೆಂದು ತಿಳಿದಿರಲಿಲ್ಲ ಎಂದು ಪ್ರವಾಸಿಗರು ಹೊಗಳುತ್ತಾರೆ. ಕೆಲವರು ಕಾಡುಗಳನ್ನೆಲ್ಲ ನೋಡಿದವರು. ಅವರು ನೀರುನಾಯಿಯ ಬೊಗಳುವಿಕೆ ಊರಿನ ನಾಯಿಗಿಂತ ಎಷ್ಟು ಭಿನ್ನ ಎಂಬುದನ್ನು ಉಳಿದವರಿಗೆ ವಿವರಿಸುತ್ತಾರೆ.

ಮಂಡಳಿಯು ದ್ರಾಕ್ಷಾಯಣಮ್ಮನವರನ್ನು ತಾಣದ ಗೌರವ ಮಾರ್ಗದರ್ಶಿಯಾಗಿ ನೇಮಿಸಿದೆ. ಅವರು ಬೇಡವೆನ್ನಲಿಲ್ಲ. ಪ್ರವಾಸಿಗರನ್ನು ನಾಯಿಗಳಿರುವ ಕಡೆಗೇ ನಿಲ್ಲಿಸುವುದು, ಆಚೆ ಬಂಡೆಯ ಕಡೆ ತಿರುಗದಂತೆ ಮಾತಾಡಿಸುತ್ತಿರುವುದು ಅವರ ಕೆಲಸ. ಈ ಕೆಲಸವನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಮೊನ್ನೆ ಭಾನುವಾರ ರಾಣೆಬೆನ್ನೂರಿನಿಂದ ಸಂಸಾರ ಸಮೇತ ಬಂದಿದ್ದ ಒಬ್ಬಾಕೆ ಫೋನು ಹಿಡಿದು ಬಂದರು.

“ಅಮ್ಮಾ, ನೀರುನಾಯಿ ಏನೋ ಚಂದ ಬಂದೈತ್ರಿ. ಆದ್ರೆ ಈ ಮೂಲ್ಯಾಗೆ ನೋಡ್ರಿ, ಏನೋ ಕರ್ರಗೆ ಅಡ್ಡ ಬಂದೈತೆ. ಫೋಟೋನೇ ಕೆಡಿಸ್ಬಿಟ್ತು. ತೆಗಿಯಾಕೆ ಬರ್ತೈತೇನ್ರಿ?”

ದ್ರಾಕ್ಷಾಯಣಮ್ಮ ಫೋನು ಈಸಿಕೊಂಡು ನೋಡಿದರು. ನಾಯಿಗಳ ಬೆನ್ನ ಹಿಂದೆ, ಬಂಡೆಯ ಮೇಲೆ, ಬೆಳೆದು ದೊಡ್ಡದಾದ ಮರಿಯೊಂದು ಬಾಯಲ್ಲಿ ಮೀನು ಹಿಡಿದು ನಿಂತಿತ್ತು. ಸ್ವಂತ ಬೇಟೆಯ ಮೀನು. ಒದ್ದೆ ಮೈಮೇಲೆ ಬೆಳಗಿನ ಬಿಸಿಲು ಬಿದ್ದು, ಮೀಸೆಯ ಒಂದೊಂದು ಎಳೆಯೂ ಕಾಣುತ್ತಿತ್ತು. ಇಷ್ಟು ಒಳ್ಳೆಯ ಚಿತ್ರ ಅವರಿಗೇ ಎಂದೂ ಸಿಕ್ಕಿರಲಿಲ್ಲ.

“ಬರ್ತೈತಮ್ಮ,” ಎಂದು, ಅವರು ಆ ಮೂಲೆಯನ್ನು ತಮ್ಮ ಬೆರಳಿನಿಂದಲೇ ಕತ್ತರಿಸಿ ತೆಗೆದರು.

“ಹಾಂ, ಈಗ ಚಲೋ ಆತು ನೋಡ್ರಿ,” ಎಂದು ಆಕೆ ಫೋನು ಈಸಿಕೊಂಡು, ಮಕ್ಕಳಿಗೆ ನಾಯಿಯನ್ನು ತೋರಿಸುತ್ತ ಬಸ್ಸಿನ ಕಡೆ ಹೋದರು.